ದುಲ್ಮಾ ಅಜ್ಜಿ ಹೇಳಬಾರದ್ದನ್ನು ಹೇಳಿದ ದಿನ

ದುಲ್ಮಾ ಇಪ್ಪತ್ತೇಳು ವರ್ಷ ಉಲಾನ್‌ಬಾತರ್ ನಗರದಲ್ಲಿ ಟ್ರಾಲಿಬಸ್ ಓಡಿಸಿದವಳು. ಅಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಕೆಂಪು ದೀಪ ದಾಟಿದವಳಲ್ಲ. ಹಾಗೆಯೇ ಒಮ್ಮೆಯೂ ಹಳದಿ ದೀಪಕ್ಕೆ ನಿಂತವಳೂ ಅಲ್ಲ. ಹಳದಿ ಕಂಡರೆ ಸಾಕು, ಅವಳ ಬಲಗಾಲು ತಾನಾಗಿಯೇ ಒತ್ತುತ್ತಿತ್ತು, ಮೇಲಿನ ತಂತಿಯಲ್ಲಿ ಚಟಪಟ ಕಿಡಿ ಹಾರುತ್ತಿತ್ತು, ಒಳಗಿದ್ದ ಮುದುಕರೆಲ್ಲ ದೇವರನ್ನು ನೆನೆದು ಕಂಬಿ ಹಿಡಿಯುತ್ತಿದ್ದರು. "ಹಳದಿ ಅಂದ್ರೆ ಬೇಗ ಹೋಗು ಅಂತ ಕಣ್ರೀ. ನಿಲ್ಲು ಅನ್ನೋ ಹಾಗಿದ್ರೆ ಕೆಂಪೇ ಹಾಕ್ತಿದ್ರಲ್ಲ" ಎನ್ನುವುದು ಅವಳ ವಾದ. ಇದಕ್ಕೆ ಎದುರು ವಾದ ಮಾಡಿ ಗೆದ್ದ ಪೊಲೀಸಿನವನು ಇನ್ನೂ ಹುಟ್ಟಿಲ್ಲ.

ನಿವೃತ್ತಿಯಾದ ಮೇಲೆ ಅವಳ ಬಸ್ಸೆಂದರೆ ಮೊಮ್ಮಗಳು ನೊಮಿನ್. ಆರು ವರ್ಷ, ಎರಡು ಜಡೆ, ಒಂದು ಬಾಯಿ. ಆದರೆ ಆ ಒಂದು ಬಾಯಿ ಹತ್ತು ಬಾಯಿಗೆ ಸಮ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮಾತು ಬಿಡುವ ಹುಡುಗಿ. ಮಗ, ಸೊಸೆ, ಮೊಮ್ಮಗಳು, ದುಲ್ಮಾ ನಾಲ್ವರೂ ನಗರದ ಉತ್ತರದ ಗುಡ್ಡದ ಮೇಲೆ ಉಣ್ಣೆಯ ಗುಂಡುಮನೆಯಲ್ಲಿರುತ್ತಾರೆ. ಅದೇ ಬೇಲಿಯೊಳಗೆ, ಇನ್ನೊಂದು ಪುಟ್ಟ ಗುಂಡುಮನೆಯಲ್ಲಿ ಭಾವ ಗೊಂಬೊ, ತೀರಿಹೋದ ಗಂಡನ ಅಣ್ಣ. ಎಂಬತ್ತನಾಲ್ಕು ವರ್ಷ. ಇಡೀ ವಂಶಕ್ಕೇ ಹಿರಿಯ, ಇಡೀ ವಂಶಕ್ಕೇ ಸಿಡುಕ.

ಆ ಗುಡ್ಡದಲ್ಲಿ ಚಳಿಗಾಲವೆಂದರೆ ಸಾವಿರ ಮನೆಗಳ ಒಲೆಯ ಹೊಗೆ ಒಟ್ಟಿಗೆ ಎದ್ದು, ಮೇಲೆ ಹೋಗಲು ಮನಸ್ಸಿಲ್ಲದೆ ಅಲ್ಲೇ ಕೂರುವ ಕಾಲ. ನೊಮಿನ್‌ಗೆ ಆಸ್ತಮಾ. ಆಸ್ಪತ್ರೆಯ ಡಾಕ್ಟರು ಒಂದು ಹಾಳೆ ಕೊಟ್ಟಿದ್ದರು. ದಿನವೂ ಬೆಳಿಗ್ಗೆ ಅಳತೆಯ ಕೊಳವೆಗೆ ಮಗು ಜೋರಾಗಿ ಊದಬೇಕು. ಮುಳ್ಳು ನೂರಿಪ್ಪತ್ತರ ಮೇಲೆ ಹೋದರೆ ಹಸಿರು, ಆಟ ಆಡಬಹುದು. ಅದಕ್ಕಿಂತ ಕಡಿಮೆಯಾದರೆ ಹಳದಿ, ಹಾಳೆಯಲ್ಲಿ ಬರೆದ ಹಾಗೆ ಔಷಧಿ ಶುರು ಮಾಡಿ ಡಾಕ್ಟರಿಗೆ ಹೇಳಬೇಕು. ಎಪ್ಪತ್ತೈದಕ್ಕಿಂತ ಇಳಿದರೆ, ಅಥವಾ ಮಗು ಒಂದು ವಾಕ್ಯ ಪೂರ್ತಿ ಮಾಡಲಾರದೆ ಏದುಸಿರು ಬಿಟ್ಟರೆ ಕೆಂಪು, ಆಂಬುಲೆನ್ಸ್. ಸೊಸೆ ಮಿಚಿದ್ಮಾ ಈ ಹಾಳೆಯನ್ನು ಗೋಡೆಯ ಮರದ ಜಾಲರಿಗೆ ಕಟ್ಟಿ, "ಅರ್ಥ ಆಯ್ತಾ ಅತ್ತೆ?" ಎಂದು ಕೇಳಿದಾಗ ದುಲ್ಮಾ ನಕ್ಕುಬಿಟ್ಟಳು. ದೀಪದ ಲೆಕ್ಕ ಅವಳಿಗೆ ಹೇಳಿಕೊಡಬೇಕೇ! ಎಡವಟ್ಟು ಆದದ್ದು ಅಲ್ಲೇ.

ಹೊಸ ವರ್ಷದ ಹಬ್ಬಕ್ಕೆ ಒಂದು ದಿನ ಇರುವಾಗ ನೊಮಿನ್ ಊದಿದಾಗ ಮುಳ್ಳು ನೂರಾ ಹದಿನೈದಕ್ಕೆ ನಿಂತಿತು. ಹಳದಿ. ದುಲ್ಮಾ ಅದನ್ನು ನೋಡಿದಳು, ದಿನದ ಅಳತೆ ಬರೆಯುವ ಪುಸ್ತಕದಲ್ಲಿ ಮಾತ್ರ ಬರೆಯಲಿಲ್ಲ. ಮಿಚಿದ್ಮಾ ರೈಲಿನಲ್ಲಿ ಬೋಗಿ ನೋಡಿಕೊಳ್ಳುವ ಕೆಲಸದವಳು, ಹಬ್ಬದ ದಿನ ಮಧ್ಯಾಹ್ನದವರೆಗೆ ಡ್ಯೂಟಿ. ಗಡಿಯ ಯಾವುದೋ ಸ್ಟೇಷನ್ನಿನಿಂದ ಫೋನ್ ಮಾಡಿ, "ನಂಬರ್ ಎಷ್ಟು ಅತ್ತೆ?" ಎಂದಳು. "ಹಸಿರು ಕಣೇ, ಎಲ್ಲ ಚೆನ್ನಾಗಿದೆ" ಎಂದಳು ದುಲ್ಮಾ. ಸುಳ್ಳು ಹೇಳಿದ್ದು ಕೆಟ್ಟತನಕ್ಕಲ್ಲ. ಹೋದ ತಿಂಗಳು ಸೊಸೆ ಮೆಲ್ಲಗೆ ಒಂದು ಮಾತು ಹೇಳಿದ್ದಳು: "ಇನ್ನೊಂದು ಸಲ ಜೋರಾಗಿ ಬಂದ್ರೆ ನೊಮಿನ್‌ನ ಕೆಳಗೆ ನಮ್ಮಮ್ಮನ ಫ್ಲ್ಯಾಟಿಗೆ ಕಳಿಸ್ತೀನಿ ಅತ್ತೆ, ಹೊಗೆ ಹೋಗೋವರೆಗೂ." ಅಂದಿನಿಂದ ದುಲ್ಮಾಗೆ ಹಳದಿ ಬಣ್ಣ ಕಂಡರೆ ಆಗುತ್ತಿರಲಿಲ್ಲ. ಆ ಹುಡುಗಿ ಹೋದರೆ ಈ ಮನೆಯಲ್ಲಿ ಮಾತಾಡುವವರು ಯಾರು? ಗೊಂಬೊ ಭಾವನೇ? ಅವನು ಒಂದು ವಾಕ್ಯ ಆಡುವಷ್ಟರಲ್ಲಿ ಟೀ ಆರುತ್ತದೆ.

ಅದರ ಮೇಲೆ ಹಬ್ಬದ ನೇಮ ಬೇರೆ. ಬಿಳಿ ತಿಂಗಳ ಮೊದಲ ದಿನ ಹೊಸ ವರ್ಷ. ಆವತ್ತು ಬಾಯಿಂದ ಬಂದದ್ದೇ ಇಡೀ ವರ್ಷಕ್ಕೆ ಗತಿ. ಕಾಯಿಲೆ, ನೋವು, ಇಲ್ಲ, ಆಗಲ್ಲ ಎಂಬ ಮಾತು ಮನೆಯೊಳಗೆ ಬರಕೂಡದು. ಹಿರಿಯರ ಮೊಣಕೈಗೆ ಕೆಳಗಿನಿಂದ ಕೈಕೊಟ್ಟು "ಚಳಿಗಾಲ ಸುಖವಾಗಿ ಕಳೀತಾ?" ಎಂದು ಕೇಳಿದರೆ, ಕಾಲು ಮುರಿದಿದ್ದವನೂ "ಸುಖವಾಗಿ" ಎನ್ನಬೇಕು.

ಹಬ್ಬದ ಬೆಳಿಗ್ಗೆ ಮುಳ್ಳು ನೂರಾ ಐದಕ್ಕೆ ಇಳಿದಿತ್ತು. ದುಲ್ಮಾ ಕೊಳವೆಯನ್ನು ದಿಂಬಿನ ಕೆಳಗೆ ತಳ್ಳಿ, ಹಬೆಪಾತ್ರೆಗೆ ಮಾಂಸದ ಕಡುಬು ಜೋಡಿಸತೊಡಗಿದಳು. ಬಲಗಾಲು ಒತ್ತಿದಂತೆಯೇ.

ಒಂಬತ್ತು ಗಂಟೆಗೆ ನೆಂಟರು ನುಗ್ಗಿದರು. ಗೊಂಬೊ ಎಲ್ಲರಿಗೂ ಹಿರಿಯ, ಅವನ ಮನೆ ಕಿರಿದು. ಆದ್ದರಿಂದ ಅವನಿಗೆ ನಮಸ್ಕಾರ ಹೇಳುವವರೆಲ್ಲ ದುಲ್ಮಾಳ ಮನೆಗೇ ಬರುವುದು. ಇಪ್ಪತ್ಮೂರು ಜನ, ಇಪ್ಪತ್ಮೂರು ರೇಷ್ಮೆ ನಿಲುವಂಗಿ, ನಲವತ್ತಾರು ಬೂಟು. ಗೊಂಬೊ ಬಾಗಿಲಿಗೆ ಎದುರಾಗಿ ಮಾನದ ಜಾಗದಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದ. ಮೊದಲು ಬೆಟ್ಟದ ಧೂಪದ ಸೊಪ್ಪನ್ನು ಕೆಂಡಕ್ಕೆ ಹಾಕಿ, ಆ ಹೊಗೆಯನ್ನು ಪ್ರತಿಯೊಬ್ಬರ ಸುತ್ತ ಮೂರು ಸಲ ಆಡಿಸಿದ. ಇಪ್ಪತ್ಮೂರು ಮೂರಲ ಅರವತ್ತೊಂಬತ್ತು ಸುತ್ತು ಹೊಗೆ! ಒಲೆಯ ಹೊಗೆ, ಕಡುಬಿನ ಹಬೆ, ಕುರಿಯ ಕೊಬ್ಬಿನ ವಾಸನೆ ಎಲ್ಲ ಸೇರಿ ಒಳಗೆ ಪಕ್ಕದವರ ಮುಖವೇ ಕಾಣದ ಹಾಗಾಯಿತು. "ಎಂಥ ಸಮೃದ್ಧಿ!" ಎಂದರು ಎಲ್ಲರೂ ಕಣ್ಣೊರೆಸಿಕೊಳ್ಳುತ್ತ.

ನೆಂಟರು ನಶ್ಯದ ಬುಡ್ಡಿ ವಿನಿಮಯ ಮಾಡಿಕೊಳ್ಳತೊಡಗಿದರು. ನಿಮ್ಮದು ನನಗೆ, ನನ್ನದು ನಿಮಗೆ, ಎರಡೂ ಕೈ ಮರ್ಯಾದೆಯಿಂದ, ಸ್ವಲ್ಪ ಮೂಸಿ, ಹೊಗಳಿ, ವಾಪಸ್ಸು. ನೊಮಿನ್ ಇದನ್ನು ಬಾಯಿ ಬಿಟ್ಟು ನೋಡುತ್ತಿದ್ದಳು. ಅವಳ ಸೊಂಟದಲ್ಲೂ ಒಂದು ಕಸೂತಿಯ ರೇಷ್ಮೆ ಚೀಲ ತೂಗುತ್ತಿತ್ತು. ಹಬ್ಬಕ್ಕೆಂದು ದುಲ್ಮಾಳೇ ಹೊಲಿದದ್ದು. ಅದರೊಳಗೆ ಇದ್ದದ್ದು ಮಾತ್ರ ಅವಳ ಇನ್‌ಹೇಲರ್. ಹುಡುಗಿ ಅದನ್ನು ತೆಗೆದು, ಎಡಗೈಯಿಂದ ಬಲ ಮೊಣಕೈ ಹಿಡಿದು, ಬಲು ಗಂಭೀರವಾಗಿ ಗೊಂಬೊ ಮುಂದೆ ಚಾಚಿದಳು.

"ದೊಡ್ಡಜ್ಜ, ನನ್ನ ನಶ್ಯ ತಗೊಳ್ಳಿ."

ಹೊಸ ವರ್ಷದ ದಿನ ಚಾಚಿದ ಬುಡ್ಡಿಯನ್ನು ಬೇಡ ಎನ್ನುವುದುಂಟೇ? ಗೊಂಬೊ ಅಂಗೈ ಒಡ್ಡಿ ತೆಗೆದುಕೊಂಡ, ಮೂಗಿಗೆ ಹಿಡಿದ, ನೊಮಿನ್ "ಇಲ್ಲಿ ಒತ್ತಿ" ಎಂದಲ್ಲಿ ಒತ್ತಿದ. ಫುಸ್! ಮುದುಕನ ಹುಬ್ಬು ಟೋಪಿಯವರೆಗೆ ಏರಿತು.

"ಭೇಷ್! ತಂಪಾದ ನಶ್ಯ. ಎಲ್ಲಿಯದು?"

"ಆಸ್ಪತ್ರೆದು" ಎಂದಳು ನೊಮಿನ್.

ಹಿರಿಯನೇ ಮೂಸಿದ ಮೇಲೆ ಉಳಿದವರು ಬಿಡುತ್ತಾರೆಯೇ? ಅದು ಏನೆಂದು ಅರ್ಧ ಜನಕ್ಕೆ ಗೊತ್ತಿತ್ತು, ಆದರೆ ಮಗುವಿನ ಮರ್ಯಾದೆ ಕಳೆಯಲು ಯಾರಿಗೂ ಮನಸ್ಸಾಗಲಿಲ್ಲ. ಬುಡ್ಡಿ ಸುತ್ತು ಹೊಡೆಯಿತು. ಫುಸ್, ಫುಸ್, ಫುಸ್. ಸ್ವಲ್ಪ ಹೊತ್ತಿಗೆ ಎಲ್ಲರ ಎದೆ ಡವಡವ, ಕೈಯಲ್ಲಿ ಟೀ ಬಟ್ಟಲು ಗಲಗಲ. "ಹಬ್ಬದ ಉತ್ಸಾಹ ನೋಡು, ಕೈ ನಿಲ್ತಾನೇ ಇಲ್ಲ!" ಎಂದು ಒಬ್ಬ ಹಿಗ್ಗಿದ. ದುಲ್ಮಾ ಒಲೆಯ ಕಡೆ ತಿರುಗಿ ಕಡುಬು ತೆಗೆಯುತ್ತಿದ್ದಳು, ಏನನ್ನೂ ನೋಡಲಿಲ್ಲ.

ಅವಳಿಗೆ ಮೊದಲು ತಿಳಿದದ್ದು ಕಿವಿಗೆ. ಯಾವುದೋ ಸದ್ದು ಕಡಿಮೆಯಾಗಿತ್ತು. ಒಲೆ ಉರಿಯುತ್ತಿದೆ, ನೆಂಟರು ಕಿರುಚುತ್ತಿದ್ದಾರೆ, ಮತ್ತೆ ಏನು ನಿಂತುಹೋಯಿತು? ನೊಮಿನ್ ಮಾತು. ದುಲ್ಮಾ ಸರಕ್ಕನೆ ತಿರುಗಿದಳು. ಹುಡುಗಿ ಮಂಚದ ಅಂಚಿನಲ್ಲಿ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಹೆಗಲು ಕಿವಿಯ ಹತ್ತಿರಕ್ಕೆ ಏರಿತ್ತು. ಪ್ರತಿ ಉಸಿರಿಗೂ ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಎಳೆಯುತ್ತಿತ್ತು.

"ಅಜ್ಜೀ... ಎದೆ... ಬಿಗಿ..."

ದುಲ್ಮಾ ದಿಂಬಿನ ಕೆಳಗಿಂದ ಕೊಳವೆ ಎಳೆದು ಊದಿಸಿದಳು. ಎಂಬತ್ತು. ಮುಳ್ಳಿನ ಲೆಕ್ಕಕ್ಕೆ ಕೆಂಪಿಗೆ ಇನ್ನೂ ಐದು ಇತ್ತು, ಮಾತಿನ ಲೆಕ್ಕವನ್ನು ಅವಳು ನೆನೆಯಲಿಲ್ಲ. ಇನ್‌ಹೇಲರ್ ಹುಡುಕಿದರೆ ಅದು ಒಬ್ಬ ಸೋದರಳಿಯನ ಕೈಯಲ್ಲಿ! ಕಸಿದುಕೊಂಡು ಹಿಂಬದಿಯ ಪುಟ್ಟ ಕಿಂಡಿಯಲ್ಲಿ ಉಳಿದ ಲೆಕ್ಕ ನೋಡಿದಳು. ಬೆಳಿಗ್ಗೆ ಮೂವತ್ತೈದಿತ್ತು. ಈಗ ಹನ್ನೊಂದು.

"ಯಾರು ಮಾಡಿದ್ದು ಇದನ್ನ?"

"ಬಹಳ ಒಳ್ಳೆ ನಶ್ಯ ಅತ್ತಿಗೆ" ಎಂದು ಇಪ್ಪತ್ಮೂರು ಜನ ನಡುಗುವ ಕೈಯಲ್ಲಿ ಬಟ್ಟಲೆತ್ತಿದರು.

ಬೈಯಲು ಹೊತ್ತಿರಲಿಲ್ಲ. ಹಾಳೆ ನೋಡಿದಳು. ಮಗುವನ್ನು ನೆಟ್ಟಗೆ ಕೂರಿಸಿ, ಇನ್‌ಹೇಲರ್ ಕುಲುಕಿ, ಉದ್ದ ಪ್ಲಾಸ್ಟಿಕ್ ಗೂಡಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿ ಮಗುವಿನ ಬಾಯಿಗಿಟ್ಟು, ಒಂದು ಸಲ ಒತ್ತಿ ಆರು ಉಸಿರು. ಮತ್ತೆ ಕುಲುಕಿ ಇನ್ನೊಂದು, ಮತ್ತೆ ಆರು. ಹೀಗೆ ನಾಲ್ಕು. ಆಮೇಲೆ ಇಪ್ಪತ್ತು ನಿಮಿಷ ನೋಡಬೇಕು. ದುಲ್ಮಾ ಒಂದೂ ತಪ್ಪದಂತೆ ಒತ್ತಿ ಎಣಿಸಿದಳು. ಬಸ್ಸಿನಲ್ಲಿ ಜನ ಎಷ್ಟು ಕಿರುಚಿದರೂ ಸ್ಟಿಯರಿಂಗ್ ಬಿಡದ ಕೈಗಳವು.

ನೆಂಟರಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಆದರೆ ಕಾಯಿಲೆ ಎನ್ನುವಂತಿಲ್ಲವಲ್ಲ! ಅದಕ್ಕೆ ಎಲ್ಲರೂ ಕಂಡದ್ದನ್ನು ಒಳ್ಳೆಯ ಮಾತಿನಲ್ಲಿ ಸುತ್ತಿ ಹೇಳತೊಡಗಿದರು.

"ಎಷ್ಟು ಬಲವಾಗಿ ಉಸಿರಾಡ್ತಾಳೆ ನೋಡು!"

"ಓಟದ ಕುದುರೆ ಹಾಗೆ!"

"ಕೆನ್ನೆ ಬಿಳಿ ಆಗಿದೆ, ಬಿಳಿ ತಿಂಗಳಿಗೆ ಶುಭ."

ಹತ್ತು ನಿಮಿಷವಾದರೂ ಮುಳ್ಳು ಎಂಬತ್ತೈದನ್ನು ದಾಟಲಿಲ್ಲ. ಒಂದು ಕಡೆಯಿಂದ ಔಷಧಿ, ಇನ್ನೊಂದು ಕಡೆಯಿಂದ ಹೊಗೆ, ಮುಳ್ಳು ಹೇಗೆ ಏರೀತು? ದುಲ್ಮಾ ಆಸ್ಪತ್ರೆಗೆ ಫೋನ್ ಹಚ್ಚಿದಳು. ಹಬ್ಬದ ಡ್ಯೂಟಿಯಲ್ಲಿದ್ದ ನರ್ಸ್ ಎತ್ತಿದಳು.

"ಹೊಸ ವರ್ಷ ಸುಖವಾಗಿ ಬಂತಾ ಅಜ್ಜಿ? ಮನೇಲೆಲ್ಲ ಸೌಖ್ಯಾನಾ?"

"ಸೌಖ್ಯ, ಸೌಖ್ಯ!" ಎಂದಿತು ದುಲ್ಮಾಳ ನಾಲಿಗೆ. ಅರವತ್ತಾರು ವರ್ಷ ಪಳಗಿದ ನಾಲಿಗೆ, ಯಜಮಾನಿಯನ್ನು ಕೇಳದೆ ಹೊರಟುಬಿಟ್ಟಿತು. "ನಿಮ್ಮಲ್ಲೂ ಸುಖಾನಾ?"

"ಸುಖ. ಮೊಮ್ಮಗಳು ಹೇಗಿದಾಳೆ?"

ಗೊಂಬೊ ಪೆಟ್ಟಿಗೆಯ ಮೇಲಿನಿಂದ ಇವಳನ್ನೇ ನೋಡುತ್ತಿದ್ದ. ಇಪ್ಪತ್ಮೂರು ಜನರೂ ಅಗಿಯುವುದನ್ನು ನಿಲ್ಲಿಸಿದ್ದರು.

"ತುಂಬಾ ಚೆನ್ನಾಗಿದಾಳೆ" ಎಂದಳು ದುಲ್ಮಾ.

ಗೊಂಬೊ ಮೆಚ್ಚಿ ತಲೆಯಾಡಿಸಿದ.

"ಸಂತೋಷ ಅಜ್ಜಿ. ಹಾಗಾದ್ರೆ ಇಡ್ಲಾ? ಬೇರೆ ಫೋನ್ ಬರ್ತಿದೆ."

ನೊಮಿನ್ ಅಜ್ಜಿಯ ತೋಳು ಹಿಡಿದಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಎರಡು ಪದಕ್ಕೆ ಉಸಿರು ಮುಗಿಯಿತು. ದಿನಕ್ಕೆ ಸಾವಿರ ಸುದ್ದಿ ಹೇಳುವ ಹುಡುಗಿ! ಆ ಅರ್ಧಕ್ಕೆ ನಿಂತ ಮಾತನ್ನು ನೋಡಿ ದುಲ್ಮಾಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎರಡು ದಿನದಿಂದ ಹಳದಿ ದೀಪ ಉರಿಯುತ್ತಿತ್ತು. ಎರಡು ದಿನದಿಂದ ತಾನು ಆಕ್ಸಿಲರೇಟರ್ ಒತ್ತುತ್ತಲೇ ಇದ್ದಳು, ಬಸ್ಸಿನಲ್ಲಿ ಈ ಮಗುವನ್ನು ಕೂರಿಸಿಕೊಂಡು.

"ಇಡಬೇಡ!" ಎಂದು ಕೂಗಿದಳು. ಅದು ಟ್ರಾಲಿಬಸ್ಸಿನ ದನಿ. ಹಿಂದಿನ ಬಾಗಿಲಲ್ಲಿ ನೇತಾಡುವವನಿಗೂ ಕೇಳುವ ದನಿ. "ಸುಳ್ಳು ಹೇಳಿದೆ ಕಣಮ್ಮ. ಮಗುಗೆ ಕಾಯಿಲೆ. ಉಸಿರು ಸಿಗ್ತಾ ಇಲ್ಲ. ಮಾತು ಪೂರ್ತಿ ಆಡಕ್ಕಾಗ್ತಿಲ್ಲ. ನಾಲ್ಕು ಸಲ ಹೊಡೆದೆ, ಕಡಿಮೆ ಆಗ್ತಿಲ್ಲ. ಎರಡು ದಿನದಿಂದ ಹಳದಿ ಇತ್ತು, ನಾನೇ ಮುಚ್ಚಿಟ್ಟೆ!"

ಕಾಯಿಲೆ, ಇಲ್ಲ, ಆಗಲ್ಲ, ಸುಳ್ಳು. ಒಂದೇ ಉಸಿರಿಗೆ ವರ್ಷದ ಅಪಶಕುನವೆಲ್ಲ ಹೊರಬಿತ್ತು. ಯಾರದೋ ಕೈಯಿಂದ ಕಡುಬು ಜಾರಿ ಟೀಗೆ ಬಿತ್ತು.

ನರ್ಸಿನ ದನಿ ತಟ್ಟನೆ ಬೇರೆಯಾಯಿತು. "ಸರಿ ಅಜ್ಜಿ, ಹೆದರ್ಬೇಡಿ. ಆಂಬುಲೆನ್ಸ್ ನಾನೇ ಕಳಿಸ್ತೀನಿ, ಹಬ್ಬದ ರಸ್ತೆ, ನಲವತ್ತು ನಿಮಿಷ ಆಗಬಹುದು. ತುಟಿ ನೀಲಿ ಆಗಿದ್ಯಾ?"

"ಇಲ್ಲ."

"ಮನೇಲಿ ಹೊಗೆ ಇದ್ಯಾ? ಜನ ಎಷ್ಟು?"

"ಹೊಗೆನೂ ಇದೆ, ಇಪ್ಪತ್ಮೂರು ಜನಾನೂ ಇದಾರೆ."

"ಎರಡನ್ನೂ ಆಚೆ ಹಾಕಿ. ಮಗುನ ಬೆಚ್ಚಗೆ ಸುತ್ತಿ, ಮೂಗು ಬಾಯಿಗೆ ಸ್ಕಾರ್ಫ್, ಆದರೆ ಸಡಿಲ ಇರ್ಲಿ. ಇಪ್ಪತ್ತು ನಿಮಿಷ ಆದಾಗ ಮತ್ತೆ ನಾಲ್ಕು ಕೊಡಿ. ನಿದ್ದೆ ಬರೋ ಹಾಗೆ ಮಂಕಾದ್ರೆ, ತುಟಿ ನೀಲಿ ಆದ್ರೆ, ಕಾಯ್ಬೇಡಿ, ತಕ್ಷಣ ಫೋನ್ ಮಾಡಿ."

ದುಲ್ಮಾ ತಿರುಗಿ ನಿಂತಳು. ಹೊಸ ವರ್ಷದ ದಿನ ನೆಂಟರನ್ನು ಹೊರಹಾಕಿದ ಹೆಂಗಸು ಆ ಗುಡ್ಡದ ಚರಿತ್ರೆಯಲ್ಲಿಲ್ಲ.

"ಎಲ್ರೂ ಆಚೆ! ಬಸ್ ಕೆಟ್ಟಿದೆ, ಇಳೀರಿ!"

ಯಾರೂ ಅಲುಗಲಿಲ್ಲ. ಎಲ್ಲರೂ ಗೊಂಬೊನನ್ನು ನೋಡಿದರು. ಮುದುಕ ಮೆಲ್ಲಗೆ ಎದ್ದ, ಮಗುವನ್ನು ನೋಡಿದ, ದುಲ್ಮಾಳನ್ನು ನೋಡಿದ. "ನನ್ನ ಟೋಪಿ" ಎಂದ. ಟೋಪಿ ಹಾಕಿಕೊಂಡು, ಧೂಪದ ಬಟ್ಟಲನ್ನು ಕೈಯಲ್ಲಿ ಹಿಡಿದು ಹೊರಗೆ ಹೋದ. ಅವನ ಹಿಂದೆ ಇಪ್ಪತ್ಮೂರು ರೇಷ್ಮೆ ನಿಲುವಂಗಿಗಳು ಸಾಲಾಗಿ, ಮೈನಸ್ ಇಪ್ಪತ್ತೆರಡು ಡಿಗ್ರಿಯ ಅಂಗಳಕ್ಕೆ. ಸೋದರಳಿಯ ಬುದ್ಧಿವಂತ, ಕಡುಬಿನ ತಟ್ಟೆ ಎತ್ತಿಕೊಂಡೇ ಹೋದ. ನನ್ನ ಕಥೆ ಮುಗಿಯಿತು, ಇನ್ನು ವಂಶದಲ್ಲಿ ನನ್ನ ಮುಖ ನೋಡುವವರಿಲ್ಲ ಎಂದುಕೊಂಡಳು ದುಲ್ಮಾ. ಆದರೂ ಹಗ್ಗ ಎಳೆದು ಚಾವಣಿಯ ಕಿಂಡಿಯನ್ನು ಪೂರ್ತಿ ತೆರೆದಳು. ಹೊಗೆ ಗುಳುಗುಳು ಮೇಲೆ ಹೋಯಿತು.

ಮಗುವನ್ನು ಕುರಿದೊಗಲಲ್ಲಿ ಸುತ್ತಿ ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು ಗಡಿಯಾರ ನೋಡುತ್ತ ಕೂತಳು. ಆಗ ಉಣ್ಣೆ ಗೋಡೆಯ ಆಚೆಯಿಂದ ಗೊಂಬೊನ ದನಿ ಕೇಳಿತು. ಒಂದೊಂದೇ ಪದ, ಟೀ ಆರುವಷ್ಟು ನಿಧಾನ.

"ದುಲ್ಮಾ ಹೇಳಬಾರದ್ದು ಹೇಳಿಬಿಟ್ಲು."

ಅಂಗಳದ ಹಿಮದ ಮೇಲೆ ಬೂಟುಗಳು ಕರಕರ ಎಂದವು.

"ಹೇಳಿದ್ದು ಆಯ್ತಲ್ಲ. ಇನ್ನು ವರ್ಷ ಕೆಡೋದಿದ್ರೆ ಕೆಟ್ಟೇ ಹೋಯ್ತು. ಹಾಗಾದ್ರೆ ನಾನೂ ಹೇಳ್ತೀನಿ. ನಂಗೆ ಹದಿನೈದು ವರ್ಷದಿಂದ ಮೂಲವ್ಯಾಧಿ."

ಯಾರೋ ಉಸಿರು ಎಳೆದುಕೊಂಡರು.

"ಆ ಪೆಟ್ಟಿಗೆ ಮೇಲೆ ನನ್ನ ಗಂಟೆಗಟ್ಲೆ ಕೂರಿಸ್ತೀರಲ್ಲ ಮಾನದ ಜಾಗ ಅಂತ, ನಿಮ್ಮ ಮಾನ ಮಣ್ಣು ತಿನ್ಲಿ! ಹದಿನೈದು ಹಬ್ಬ ಕೆಂಡದ ಮೇಲೆ ಕೂತು ಸುಖವಾಗಿದೀನಿ ಅಂದಿದೀನಿ."

ಅಣೆಕಟ್ಟು ಒಡೆದದ್ದು ಆಗ. "ನಂಗೆ ಮೂರು ವರ್ಷದಿಂದ ಎಡಗಿವಿ ಕೇಳ್ಸಲ್ಲ ದೊಡ್ಡಪ್ಪ!" ಎಂದಿತು ಒಂದು ಹೆಣ್ಣು ದನಿ, "ನೀವು ಹೇಳಿದ್ದಕ್ಕೆಲ್ಲ ಸುಮ್ನೆ ಹೂಂ ಅಂತಿದ್ದೆ!" ಇನ್ನೊಬ್ಬ ತನಗೆ ಸಕ್ಕರೆ ಕಾಯಿಲೆ ಎಂದ, ಎಲ್ಲರೂ ಹೋ ಎಂದು ಅವನ ಕೈಯಿಂದ ಸಿಹಿರೊಟ್ಟಿ ಕಿತ್ತುಕೊಂಡರು. ಕುಸ್ತಿ ಆಡುವ ಸೋದರಳಿಯ, ಆಳೆತ್ತರದ ಗಂಡಸು, ಇಂಜೆಕ್ಷನ್ ಕಂಡರೆ ತನಗೆ ಮೂರ್ಛೆ ಬರುತ್ತದೆ ಎಂದು ಒಪ್ಪಿಕೊಂಡ. "ಅದು ಕಾಯಿಲೆ ಅಲ್ಲ, ಹೇಡಿತನ! ಬೇರೆ ಹೇಳು!" ಎಂದರು. ಮೊಣಕಾಲು, ಪಿತ್ತಕಲ್ಲು, ನಿದ್ದೆ ಬಾರದ್ದು, ನಿದ್ದೆಯಲ್ಲಿ ಒದೆಯುವುದು. ಒಬ್ಬರ ಮೇಲೊಬ್ಬರು ಬಿದ್ದು ಹರಾಜು ಕೂಗಿದಂತೆ ಕೂಗತೊಡಗಿದರು. ಇಪ್ಪತ್ಮೂರು ಜನರಿಗೂ ಮಗುವಿನ ಔಷಧಿ ಬೇರೆ ಏರಿತ್ತಲ್ಲ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮಡಿಲಲ್ಲಿದ್ದ ನೊಮಿನ್ ಅಲುಗತೊಡಗಿದಳು. ದುಲ್ಮಾ ಗಾಬರಿಯಿಂದ ನೋಡಿದರೆ ಹುಡುಗಿ ನಗುತ್ತಿದ್ದಾಳೆ.

"ನಗಬೇಡ್ವೇ, ಕೆಮ್ಮು ಬರುತ್ತೆ" ಎನ್ನುತ್ತ ತಾನೂ ನಕ್ಕಳು. "ಉಸಿರು ಎಣಿಸು. ಒಂದು..."

"ದೊಡ್ಡಜ್ಜಂಗೆ... ಎಲ್ಲಿ?"

"ಸುಮ್ನಿರು. ಎರಡು."

ಇಪ್ಪತ್ತು ನಿಮಿಷವಾಯಿತು. ಮತ್ತೆ ನಾಲ್ಕು. ಉಳಿದದ್ದು ಮೂರು. ಕುತ್ತಿಗೆಯ ಗುಳಿ ಮೊದಲಿನಷ್ಟು ಎಳೆಯುತ್ತಿರಲಿಲ್ಲ. ಮುಳ್ಳು ನೂರಕ್ಕೆ ಬಂತು. ಆಮೇಲೆ ನೂರಾ ಹತ್ತು. ಹೆಗಲು ಕೆಳಗಿಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ನೊಮಿನ್ ನಿಡಿದಾಗಿ ಒಂದು ಉಸಿರೆಳೆದು, "ಅಜ್ಜಿ ಅವರೆಲ್ಲ ಹೊರಗೆ ಚಳೀಲಿ ನಿಂತು ಮೂಲವ್ಯಾಧಿ ಮೂಲವ್ಯಾಧಿ ಅಂತಿದಾರಲ್ಲ ಅವರಿಗೂ ಸ್ಕಾರ್ಫ್ ಕೊಡೋಣ್ವಾ ಇಲ್ದಿದ್ರೆ ಅವರಿಗೂ ಬರುತ್ತೆ ಆಮೇಲೆ ನನ್ನ ಔಷಧಿ ಸಾಕಾಗಲ್ಲ" ಎಂದಳು. ಎಲ್ಲೂ ನಿಲ್ಲದೆ, ಒಂದೇ ಸಮ. ದುಲ್ಮಾ ಅಂಥ ಸಂಗೀತವನ್ನು ಹುಟ್ಟಿದಾರಭ್ಯ ಕೇಳಿರಲಿಲ್ಲ.

ಆಂಬುಲೆನ್ಸ್ ಬಂದಾಗ ಡಾಕ್ಟರಮ್ಮನಿಗೆ ರೋಗಿ ಯಾರೆಂದು ತಿಳಿಯಲಿಲ್ಲ. ಅಂಗಳದ ತುಂಬ ಜನ ಸುತ್ತುವರಿದು ನಂಗೆ ಇದು, ನಂಗೆ ಅದು ಎನ್ನುತ್ತಿದ್ದರು. ಹೇಗೋ ಬಿಡಿಸಿಕೊಂಡು ಒಳಗೆ ಬಂದು, ಮಗುವಿನ ಎದೆ ಕೇಳಿ, ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಒಂದು ಡೋಸ್ ಔಷಧಿ ಕುಡಿಸಿ, ಹೊಸ ಇನ್‌ಹೇಲರ್ ಕೊಟ್ಟಳು.

"ಇವತ್ತು ಮನೇಲಿ ಮಾಡಿದ್ದು ಸರಿಯಾಗೇ ಮಾಡಿದೀರ. ನಿನ್ನೇನೇ ಶುರು ಮಾಡಿದ್ದಿದ್ರೆ ಮಗು ಇಷ್ಟು ಒದ್ದಾಡ್ತಿರಲಿಲ್ಲ. ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಈ ಹೊಗೇಲಿ ಮಾತ್ರ ಇಡ್ಬೇಡಿ."

ಮಿಚಿದ್ಮಾ, ತನ್ನನ್ನು ಕರೆತರಲು ಬೆಳಿಗ್ಗೆಯೇ ಹೋಗಿದ್ದ ಗಂಡನ ಜೊತೆ, ಸ್ಟೇಷನ್ನಿನಿಂದ ಬಂದದ್ದು ಅದೇ ಹೊತ್ತಿಗೆ. ಬೇಲಿಯ ಮುಂದೆ ಆಂಬುಲೆನ್ಸ್ ನೋಡಿ ರೈಲಿನ ಸಮವಸ್ತ್ರದಲ್ಲೇ ಓಡಿಬಂದಳು. ನೊಮಿನ್‌ನನ್ನು ಅಪ್ಪಿಕೊಂಡು, ಎದೆಗೆ ಕಿವಿಯಿಟ್ಟು ಕೇಳಿದಳು, ಆಮೇಲೆ ತಲೆ ಎತ್ತಿದಳು.

ದುಲ್ಮಾ ಕೇಳುವವರೆಗೂ ಕಾಯಲಿಲ್ಲ. "ಎರಡು ದಿನದಿಂದ ಹಳದಿ ಇತ್ತು ಕಣೇ. ನಿಂಗೆ ಹಸಿರು ಅಂದೆ. ಇವಳನ್ನ ಕಳಿಸಿಬಿಡ್ತೀಯಲ್ಲ ಅಂತ ಹೆದ್ರಿ ಹಾಗಂದೆ." ಅಷ್ಟಕ್ಕೇ ನಿಲ್ಲದೆ ಮುಂದುವರಿಸಿದಳು: "ಕರ್ಕೊಂಡ್ ಹೋಗು ನಿಮ್ಮಮ್ಮನ ಮನೆಗೆ. ಇವತ್ತೇ. ನಾನೇ ಬಟ್ಟೆ ಕಟ್ಟಿಕೊಡ್ತೀನಿ."

ಮಿಚಿದ್ಮಾ ಬೈಯಲಿಲ್ಲ. ಬೈದಿದ್ದರೆ ದುಲ್ಮಾಗೆ ಹಗುರವಾಗುತ್ತಿತ್ತು. ಅವಳು ಅಳತೆಯ ಪುಸ್ತಕ ತೆಗೆದು, ಖಾಲಿ ಬಿಟ್ಟಿದ್ದ ಎರಡು ಗೆರೆ ತೋರಿಸಿ, ಪೆನ್ನು ಕೈಗಿಟ್ಟಳು. ದುಲ್ಮಾ ನೂರಾ ಹದಿನೈದು, ನೂರಾ ಐದು ಎಂದು ಬರೆದಳು. ಆಮೇಲೆ ಚೀಲ ತಂದು ನೊಮಿನ್‌ನ ಸ್ವೆಟರ್, ಕಾಲುಚೀಲ, ಬೂಟು ಒಂದೊಂದಾಗಿ ತುಂಬಿದಳು.

"ನಿಮ್ಮದೆಲ್ಲಿ?" ಎಂದಳು ಮಿಚಿದ್ಮಾ.

"ಏನು?"

"ನಿಮ್ಮ ಬಟ್ಟೆ ಅತ್ತೆ. ನಾನು ಅರ್ಧ ತಿಂಗಳು ರೈಲಲ್ಲಿರ್ತೀನಿ. ನಮ್ಮಮ್ಮಂಗೆ ಫೋನ್ ಮಾಡಿದ್ರೆ ಹಬ್ಬ ಮುಗಿಯೋವರೆಗೂ ಎಲ್ಲ ಸುಖ, ಎಲ್ಲ ಸುಖ ಅಂತಾರೆ. ಮನೇಲಿ ನಿಜ ಹೇಳೋರು ಒಬ್ಬರಾದ್ರೂ ಬೇಡ್ವಾ ನಂಗೆ?"

ದುಲ್ಮಾ ಮಂಚದ ಮೇಲೆ ಕುಸಿದು ಕೂತು, ಹೊಸ ವರ್ಷದ ಮೊದಲ ದಿನ, ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟಳು. ನೊಮಿನ್ ಅವಳ ಪಕ್ಕ ಕೂತು, ಆ ಫ್ಲ್ಯಾಟಿನ ಲಿಫ್ಟಿನಲ್ಲಿ ಎಷ್ಟು ಗುಂಡಿಗಳಿವೆ, ಯಾವುದನ್ನು ಅಜ್ಜಿ ಒತ್ತಬಹುದು, ಯಾವುದನ್ನು ತಾನೇ ಒತ್ತುವುದು ಎಂದು ಹೇಳತೊಡಗಿದಳು, ಮತ್ತು ಸಂಜೆಯವರೆಗೂ ನಿಲ್ಲಿಸಲಿಲ್ಲ.